ಅರವತ್ತೊಂದರ ಗುಮಾಸ್ತರು, ಇಪ್ಪತ್ಮೂರರ ಹುಡುಗಿ: ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸೋದು ಹೇಗೆ?

ಪ್ರಶ್ನೆ: ಜೋಳದ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮದೊಂದು ದಲಾಲಿ ಅಂಗಡಿ ಇದೆ. ಹೆಚ್ಚಾಗಿ ಮೆಕ್ಕೆಜೋಳ, ಸ್ವಲ್ಪ ಭತ್ತ. ಅಪ್ಪ ಶುರು ಮಾಡಿದ್ದು. ಮಂಡಿಯಲ್ಲಿ ಕೂತು ಕೂತು ಮಂಡಿ ಹೋಯ್ತು ಅಂತ ಅವರೇ ಜೋಕ್ ಮಾಡುತ್ತಾರೆ. ಮೂರು ವರ್ಷದಿಂದ ಅವರು ಮನೆಯಲ್ಲಿ, ಗಲ್ಲಾ ಮುಂದೆ ನಾನು. ನನಗೆ 37.

ಲೆಕ್ಕಕ್ಕೆ ಇಬ್ಬರಿದ್ದಾರೆ. ಒಬ್ಬರು ನಮ್ಮ ಗುಮಾಸ್ತರು, 61 ವರ್ಷ. ನಾನು ಫ್ರಾಕ್ ಹಾಕಿಕೊಂಡು ಜೋಳದ ರಾಶಿ ಮೇಲೆ ಜಾರುತ್ತಿದ್ದ ಕಾಲದಿಂದಲೂ ಇದ್ದಾರೆ. ನಾನು ಅವರನ್ನು ಮಾಮಾ ಅಂತೀನಿ, ನೀವು ಅಂತೀನಿ. ಅವರು ನನಗೆ ‘ಏನವ್ವಾ, ಊಟ ಮಾಡಿದೆಯಾ’ ಅಂತಾರೆ. ಸಂಬಳ ಕೊಡೋಳೂ ನಾನೇ, ಬೈಸಿಕೊಳ್ಳೋಳೂ ನಾನೇ. ಇನ್ನೊಬ್ಬಳು ಬಿ.ಕಾಂ ಮುಗಿಸಿ ಕಂಪ್ಯೂಟರ್ ಲೆಕ್ಕದ ಟ್ಯಾಲಿ ಕಲಿತು ಬಂದ ಹುಡುಗಿ, 23. ಕೈ ಚುರುಕು. ಗುಮಾಸ್ತರು ಒಂದು ಬಿಲ್ ಬರೆದು ಮುಗಿಸುವಷ್ಟರಲ್ಲಿ ಅವಳದು ಆರು ಆಗಿರುತ್ತೆ.

ಜಗಳ ಶುರುವಾಗಿದ್ದು ಮೊದಲನೇ ದಿನವೇ, ‘ಅಂಕಲ್’ ಅನ್ನೋ ಒಂದು ಮಾತಿಗೆ. ಇಡೀ ಯಾರ್ಡ್ ಅವರನ್ನು ‘ಗುಮಾಸ್ತರೇ’ ಅನ್ನುತ್ತೆ. ಹಮಾಲರೂ ಅಷ್ಟೆ, ಬೆಂಗಳೂರಿನಿಂದ ಬರುವ ಖರೀದಿದಾರರೂ ಅಷ್ಟೆ. ಇವಳು ಬಂದವಳೇ ‘ಅಂಕಲ್, ಸ್ಟೇಪ್ಲರ್ ಎಲ್ಲಿ’ ಅಂದಳು. ಅವರು ಸ್ಟೇಪ್ಲರ್ ಕೊಟ್ಟರು. ಮಾತು ಕೊಡಲಿಲ್ಲ.

ಆಮೇಲೆ ದಿನಾ ನನ್ನ ಹತ್ತಿರ ಇಬ್ಬರ ದೂರು. ಅವರದು: ‘ಈಗಿನ ಹುಡುಗರಿಗೆ ಜವಾಬ್ದಾರಿ ಇಲ್ಲ ಕಣವ್ವಾ. ಆರು ಹೊಡೆದ ಕೂಡಲೇ ಬ್ಯಾಗ್ ಎತ್ತುತ್ತಾಳೆ. ಯಾವಾಗ ನೋಡಿದರೂ ಫೋನು.’ ಇವಳದು: ‘ಅಂಕಲ್ ಏನೂ ಹೇಳಿಕೊಡಲ್ಲ ಅಕ್ಕ. ಕಂಪ್ಯೂಟರ್ ಹತ್ತಿರ ಕರೆದರೆ ತಲೆ ಹಿಂದಕ್ಕೆ ಎಳೆದುಕೊಂಡು ಮುಖ ಸಿಂಡರಿಸುತ್ತಾರೆ. ಹಳೇ ಕಾಲದವರು ಹೊಸದೇನೂ ಕಲಿಯಲ್ಲ.’

ಹೊಸದು ಕಲಿಯಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಈ-ಟೆಂಡರ್ ಬಂದಾಗ ಲಾಟ್ ನಂಬರ್ ಲೆಕ್ಕ ಮೊದಲು ಹಿಡಿದವರೇ ಅವರು. 2016ರ ನವೆಂಬರ್ 8ಕ್ಕೆ ನೋಟು ರದ್ದಾಯ್ತಲ್ಲ, ಅದು ಜೋಳದ ಆವಕ ಜೋರಾಗಿರೋ ಹೊತ್ತು. ರೈತರಿಗೆ ಕೊಡೋಕೆ ಕೈಯಲ್ಲಿ ಕಾಸಿಲ್ಲ, ಯಾರ್ಡ್ ತುಂಬ ಚೀಲ. ಯಾರಿಗೆ ಎಷ್ಟು ಬಾಕಿ, ಯಾರ ಮನೆಯಲ್ಲಿ ಮದುವೆ ಇದೆ, ಯಾರು ಹದಿನೈದು ದಿನ ತಡೆಯಬಲ್ಲರು, ಎಲ್ಲ ಈ ಮನುಷ್ಯನ ತಲೆಯಲ್ಲಿತ್ತು. ಒಬ್ಬ ರೈತನೂ ಅಂಗಡಿ ಮುಂದೆ ಕೂಗಾಡಲಿಲ್ಲ. ಅಂಥವರು ಮೌಸ್ ಮುಟ್ಟಲ್ಲ ಅಂತ ಯಾಕೆ ಇಷ್ಟು ಹಟ ಮಾಡ್ತಾರೆ ಅನ್ನೋದೇ ನನಗೆ ಗೊತ್ತಾಗಲ್ಲ.

ಈಗ ವಿಷಯಕ್ಕೆ ಬರ್ತೀನಿ. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಅಂತ ಪೇಪರ್‌ನಲ್ಲಿ, ನಮ್ಮ ಕಟ್ಟೆ ಮೇಲೆ 1,880. ಮೊದಲೇ ರೈತರ ಹೊಟ್ಟೆಯಲ್ಲಿ ಬೆಂಕಿ. ಅಂಥದ್ದರಲ್ಲಿ 45 ಕ್ವಿಂಟಲ್ ಹಾಕಿದ ಅಣಜಿಯ ರೈತರೊಬ್ಬರ 84,600 ರೂಪಾಯಿಯನ್ನ ಹುಡುಗಿ ಆನಗೋಡಿನ ರೈತರ ಖಾತೆಗೆ ಹಾಕಿಬಿಟ್ಟಳು. ಇಬ್ಬರದೂ ಒಂದೇ ಹೆಸರು. ಅಪ್ಪಂದಿರ ಹೆಸರೂ ಒಂದೇ ಅಕ್ಷರದಿಂದ ಶುರು.

ತಪ್ಪು ಯಾರಿಗಾದರೂ ಆಗುತ್ತೆ. ನನಗೆ ನೋವಾಗಿದ್ದು ಬೇರೆ. ಹುಡುಗಿ ಹೆಸರು ಓದಿ ಹಣ ಕಳಿಸುವಾಗ ಗುಮಾಸ್ತರು ಪಕ್ಕದಲ್ಲೇ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುತ್ತಾ ಕೂತಿದ್ದರು. ಆನಗೋಡಿನವರು ಆ ದಿನ ಯಾರ್ಡ್‌ಗೆ ಬಂದೇ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ‘ಯಾಕೆ ಮಾಮಾ’ ಅಂದರೆ, ‘ಹಿಂದಿನ ವಾರ ಹೇಳೋಕೆ ಹೋದಾಗ, ಕಂಪ್ಯೂಟರ್‌ನಲ್ಲಿ ಎಲ್ಲಾ ಇದೆ ಅಂಕಲ್, ನೀವು ಸುಮ್ನಿರಿ ಅಂದಳು. ಸುಮ್ನಿದ್ದೆ’ ಅಂದರು.

ಬೆಂಗಳೂರಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಹೇಳ್ತಾನೆ, ‘ಅವರು ಬೂಮರ್, ಅವಳು ಜೆನ್ ಜೀ, ನೀನು ಮಿಲೇನಿಯಲ್. ಮೂರು ತಲೆಮಾರೂ ಹೊಂದಲ್ಲ, ಒಬ್ಬರನ್ನ ತೆಗಿ.’ ಇಬ್ಬರೂ ಬೇಕು ನನಗೆ. ನಿಮ್ಮ ಕೆಲಸದ ಜಾಗದಲ್ಲಿ ಹೀಗಾದಾಗ ಏನು ಮಾಡಿದಿರಿ?

ಉತ್ತರ 1: ನಿಟ್ಟುವಳ್ಳಿ ನಿವೃತ್ತ

ತಂಗೀ, ನನಗೆ 64. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಅಧಿಕಾರಿಯಾಗಿ ಹೊರಬಂದವನು. ನಿಮ್ಮ ಗುಮಾಸ್ತರ ಪರವಾಗಿ ಎರಡು ಮಾತು. ಮೂರನೆಯದು ಅವರ ವಿರುದ್ಧ.

1993ರಲ್ಲಿ ಬ್ಯಾಂಕ್ ಸಂಘಟನೆಗಳ ಜೊತೆ ಕಂಪ್ಯೂಟರ್ ಒಪ್ಪಂದ ಆಯ್ತು. ಆಗ ನನಗೆ 32. ಅದಕ್ಕೂ ಮುಂಚೆ ಕಂಪ್ಯೂಟರ್ ಬೇಡ ಅಂತ ಬಿಲ್ಲೆ ಹಚ್ಚಿಕೊಂಡು ಕೂಗಿದವರಲ್ಲಿ ನಾನೂ ಒಬ್ಬ. 25ರ ಹುಡುಗರೂ ಕೂಗಿದರು, 55ರವರೂ ಕೂಗಿದರು. ವಯಸ್ಸಿನ ಮಾತೇ ಇರಲಿಲ್ಲ. ಕೆಲಸ ಹೋಗುತ್ತೆ ಅನ್ನೋ ಭಯ, ಅಷ್ಟೆ. ಆಮೇಲೆ ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂತು. ಪುಸ್ತಕದಲ್ಲಿ ತಪ್ಪಾದರೆ ಕೆಂಪು ಶಾಯಿಯಲ್ಲಿ ತಿದ್ದಿ ಪಕ್ಕದಲ್ಲಿ ಸಹಿ ಹಾಕುತ್ತಿದ್ದೆವು. ತಪ್ಪು ಎಲ್ಲಿದೆ, ಯಾರದು, ಕಣ್ಣಿಗೆ ಕಾಣುತ್ತಿತ್ತು. ಮೆಷಿನ್‌ನಲ್ಲಿ ತಪ್ಪು ಎಲ್ಲಿ ಅಡಗಿ ಕೂತಿದೆ ಅಂತಲೇ ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷ ಒಂದು ತಪ್ಪಿಲ್ಲದೆ ಪುಸ್ತಕ ಬರೆದವನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿಲ್ಲ.

ಎರಡನೆಯದು ನೀವೇ ಬರೆದಿದ್ದೀರಿ, ಆದರೆ ಗಮನಿಸಿಲ್ಲ. ‘ತಲೆ ಹಿಂದಕ್ಕೆ ಎಳೆದುಕೊಂಡು ಮುಖ ಸಿಂಡರಿಸುತ್ತಾರೆ.’ ಅವರದು ಬೈಫೋಕಲ್ ಕನ್ನಡಕ ಅಲ್ವಾ? ಕೆಳಗೆ ಅರ್ಧಚಂದ್ರ ಇರುತ್ತಲ್ಲ, ಅದು. ಆ ಕೆಳಗಿನ ಗಾಜು ಪುಸ್ತಕ ಓದೋಕೆ. ಅಂದರೆ ಒಂದೂಕಾಲು ಅಡಿ ದೂರಕ್ಕೆ. ಮೇಲಿನ ಗಾಜು ರಸ್ತೆ ನೋಡೋಕೆ. ಕಂಪ್ಯೂಟರ್ ಪರದೆ ಇರೋದು ಒಂದು ಕೈ ಅಳತೆಯಲ್ಲಿ, ಎರಡಕ್ಕೂ ನಡುವೆ. ಮೇಲಿನದರಲ್ಲೂ ಕಾಣಲ್ಲ, ಕೆಳಗಿನದರಲ್ಲೂ ಕಾಣಲ್ಲ. ಅದಕ್ಕೇ ಗಲ್ಲ ಎತ್ತಿ ಕೆಳಗಿನ ಗಾಜಿನಲ್ಲಿ ಹುಡುಕುತ್ತಾರೆ. ಹತ್ತು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತೆ. ನೋಡುವವರಿಗೆ ಅದು ಸಿಡಿಮಿಡಿ ಥರ ಕಾಣುತ್ತೆ. ನಾನು ನಾಲ್ಕು ವರ್ಷ ಹೀಗೆ ಒದ್ದಾಡಿದೆ. ನನಗಿಂತ ಚಿಕ್ಕ ಮ್ಯಾನೇಜರ್ ಒಬ್ಬ ನನ್ನ ಬಗ್ಗೆ ‘ಆಸಕ್ತಿ ಇಲ್ಲ’ ಅಂತ ಬರೆದ. ನನಗೆ ಇಲ್ಲದಿದ್ದದ್ದು ಆಸಕ್ತಿಯಲ್ಲ, ನಡುವಿನ ಗಾಜು.

ನಮ್ಮ ಹಿರಿಯರು ಇದಕ್ಕೆ ಚಾಳೀಸು ಅಂತ ಹೆಸರಿಟ್ಟರು. ನಲವತ್ತು ಅಂತಲೇ ಅರ್ಥ. ನಲವತ್ತರ ಹೊತ್ತಿಗೆ ಎಲ್ಲರಿಗೂ ಬರುತ್ತೆ ಅಂತ ಅವರಿಗೆ ಗೊತ್ತಿತ್ತು. ನಿಮಗೂ ಇನ್ನು ಜಾಸ್ತಿ ದಿನ ಇಲ್ಲ.

ಮೂರನೆಯದು. 84,600 ರೂಪಾಯಿ ತಪ್ಪು ಖಾತೆಗೆ ಹೋಗೋದನ್ನ ನೋಡಿಯೂ ಸುಮ್ಮನಿದ್ದರಲ್ಲ, ಅದಕ್ಕೆ ಕನ್ನಡಕದ ನೆಪ ಇಲ್ಲ. ಅದನ್ನ ಬಿಡಬೇಡಿ, ಕೇಳಿ. ಆದರೆ ಹುಡುಗಿಯ ಎದುರು ಬೇಡ.

ಉತ್ತರ 2: ಕೋಟೆ ಕೆಳಗಿನ ಹುಡುಗ, ಚಿತ್ರದುರ್ಗ

ಮೇಲಿನ ಸರ್ ಕನ್ನಡಕದ ಬಗ್ಗೆ ಬರೆದಿದ್ದು ಸೂಪರ್. ಆದರೆ ಹುಡುಗಿ ಪರವಾಗಿ ಯಾರೂ ಮಾತಾಡಿಲ್ಲ, ಹಾಗಾಗಿ ನಾನು.

ನನಗೆ 24. ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಸ್ಟಾಕ್ ನೋಡ್ತೀನಿ. ನಮ್ಮಲ್ಲೂ ಒಬ್ಬರು ಹಿರಿಯರಿದ್ದಾರೆ. ಯಾವ ಮಾತ್ರೆ ಯಾವ ರ‍್ಯಾಕಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತಾರೆ. ನಾನು ಸೇರಿದ ಹೊಸದರಲ್ಲಿ ಏನು ಕೇಳಿದರೂ ‘ನೋಡ್ತಾ ನೋಡ್ತಾ ಗೊತ್ತಾಗುತ್ತೆ’ ಅನ್ನುತ್ತಿದ್ದರು. ಎಷ್ಟು ದಿನ ನೋಡೋದು? ಅವರು ನೋಡ್ತಾ ಕಲಿತದ್ದು ಇಪ್ಪತ್ತು ವರ್ಷದಲ್ಲಿ. ನನಗೆ ಮಾಲೀಕರು ಕೊಟ್ಟಿದ್ದು ಮೂರು ತಿಂಗಳು. ಒಂದೇ ಹೆಸರಿನ ಇಬ್ಬರು ರೈತರಿದ್ದಾರೆ ಅಂತ ನಿಮ್ಮ ಹುಡುಗಿಗೆ ಮೊದಲೇ ಯಾರಾದರೂ ಹೇಳಿದ್ದರಾ ಅಕ್ಕ? ಗುಮಾಸ್ತರ ತಲೆಯಲ್ಲಿರೋದು ಅವಳಿಗೆ ಹೇಗೆ ಕಾಣಬೇಕು?

ಇನ್ನು ಫೋನು. ನಾನು ಅವಧಿ ಮುಗಿಯುವ ಔಷಧಿಗಳ ಫೋಟೋ ತೆಗೆದು ಗ್ರೂಪಿಗೆ ಹಾಕ್ತೀನಿ. ದೂರದಿಂದ ನೋಡಿದವರಿಗೆ ರೀಲ್ಸ್ ನೋಡೋ ಹಾಗೇ ಕಾಣುತ್ತೆ. ಸುಳ್ಳು ಯಾಕೆ, ಒಮ್ಮೊಮ್ಮೆ ರೀಲ್ಸೂ ನೋಡ್ತೀನಿ. ನಮ್ಮ ಹಿರಿಯರು ಅದೇ ಹೊತ್ತಿಗೆ ಪೇಪರ್ ಓದ್ತಾರೆ, ಅದೂ ಪೂರ್ತಿ, ಶ್ರದ್ಧಾಂಜಲಿ ಪುಟ ಸೇರಿಸಿ. ಅದಕ್ಕೆ ಯಾರೂ ಹೆಸರಿಟ್ಟಿಲ್ಲ.

ಆರು ಗಂಟೆಗೆ ಎದ್ದು ಹೋಗ್ತಾಳೆ ಅಂದಿರಲ್ಲ, ಅವಳ ಊರಿಗೆ ಕೊನೇ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿದ್ದೀರಾ?

ಕೊನೆಗೆ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಗುಮಾಸ್ತರು ಸುಮ್ಮನಿದ್ದದ್ದು ವಯಸ್ಸಿಂದಲ್ಲ, ಸೇಡಿಂದ. ಸೇಡು 23ಕ್ಕೂ ಬರುತ್ತೆ, 61ಕ್ಕೂ ಬರುತ್ತೆ. ‘ನೀವು ಸುಮ್ನಿರಿ’ ಅಂದಿದ್ದು ಹುಡುಗಿಯ ತಪ್ಪು, ಅದನ್ನ ಒಪ್ಪುತ್ತೀನಿ. ‘ಅಂಕಲ್’ ಅಂದಿದ್ದು ತಪ್ಪಲ್ಲ. ನಾವು ಗೊತ್ತಿಲ್ಲದವರಿಗೆ ಮರ್ಯಾದೆ ಕೊಡೋದೇ ಹಾಗೆ.

ಉತ್ತರ 3: ಬೆಣ್ಣೆ ಜಾಸ್ತಿ

ದೋಸೆ ಹೋಟೆಲ್ ನಮ್ಮದು. ಕಾವಲಿ ಮುಂದೆ ನಿಂತಿರೋರಿಗೆ 58, ಬಿಲ್ ಹಾಕೋನಿಗೆ 20. ಇಬ್ಬರೂ ಮಾತಾಡಲ್ಲ. ಗಿರಾಕಿ ಜಾಸ್ತಿ, ಮಾತಾಡೋಕೆ ಪುರುಸೊತ್ತಿಲ್ಲ. ಜಗಳ ಇರೋದು ಭಾನುವಾರ ರಜೆ ಯಾರಿಗೆ ಅನ್ನೋದರಲ್ಲಿ ಮಾತ್ರ. ನಿಮ್ಮ ಅಂಗಡಿಯಲ್ಲಿ ಸೀಸನ್ ಮುಗಿದ ಮೇಲೆ ಕೆಲಸ ಕಡಿಮೆಯೇನೋ, ನೋಡಿ.

ಉತ್ತರ 4: ಹಿರಿಯೂರು ಮೇಷ್ಟ್ರು

ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಹೇಳಿಕೊಡುತ್ತೇನೆ. ನಿಮ್ಮ ಚಿಕ್ಕಪ್ಪನ ಮಗ ಹಚ್ಚಿದ ಆ ಮೂರು ಚೀಟಿಗಳ ಬಗ್ಗೆ ಮಾತ್ರ ಬರೆಯುತ್ತೇನೆ.

‘ಬೂಮರ್’ ಅಮೆರಿಕದ ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಒಮ್ಮೆಲೇ ಹೆಚ್ಚು ಮಕ್ಕಳು ಹುಟ್ಟಿದರು. 1946ರಿಂದ 1964ರವರೆಗೆ ಹುಟ್ಟಿದವರಿಗೆ ಆ ಹೆಸರು ಬಂತು. ಅವರು ಬೆಳೆದದ್ದು ಕಾರು, ಹೊಸ ಮನೆ, ಕೈತುಂಬ ಕೆಲಸ ಇದ್ದ ಕಾಲದಲ್ಲಿ. ನಿಮ್ಮ ಗುಮಾಸ್ತರಿಗೆ 61 ಅಂದರೆ 1964ರ ಆಸುಪಾಸು. ಒಂದು ವರ್ಷ ತಡವಾಗಿ ಹುಟ್ಟಿದ್ದರೆ ಅವರೂ ಮುಂದಿನ ತಲೆಮಾರಿನ ‘ಜೆನ್ ಎಕ್ಸ್’ ಆಗಿಬಿಡುತ್ತಿದ್ದರು, ಗುಣ ಬದಲಾಗುತ್ತಿತ್ತಾ? ಅವರ ಬಾಲ್ಯದಲ್ಲಿ ಇದ್ದದ್ದು ರೇಷನ್ ಕ್ಯೂ, ಸೀಮೆಎಣ್ಣೆ ಬುಡ್ಡಿ, ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನಲ್ಲಿ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನ ನೋಡಿದವರು ಅವರು. ಒಂದು ಕೆಲಸ ಸಿಕ್ಕರೆ ಕಚ್ಚಿ ಹಿಡಿಯಬೇಕು ಅಂತ ಅವರಿಗೆ ಅನಿಸಿದ್ದರೆ, ಅದು ಅಮೆರಿಕದ ಯಾವ ಚೀಟಿಯಲ್ಲೂ ಬರೆದಿಲ್ಲ.

1997ರಿಂದ ಈಚೆಗೆ ಹುಟ್ಟಿದವರು ಜೆನ್ ಜೀ ಅನ್ನೋ ಗಡಿಯನ್ನ ಹೆಚ್ಚು ಬಳಕೆಗೆ ತಂದದ್ದು ಅಲ್ಲಿನ ಪ್ಯೂ ಅನ್ನೋ ಸಮೀಕ್ಷಾ ಸಂಸ್ಥೆ. 2023ರಲ್ಲಿ ಅವರೇ, ಈ ಹೆಸರುಗಳನ್ನ ಇನ್ನು ಮೇಲೆ ಹಿಡಿತದಲ್ಲಿ ಬಳಸುತ್ತೇವೆ ಅಂದರು. ಅದಕ್ಕೂ ಮುಂಚೆ, 2020ರಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಒಂದು ಸಮಿತಿ ಕೆಲಸದ ಜಾಗದಲ್ಲಿ ತಲೆಮಾರಿನ ವ್ಯತ್ಯಾಸ ಅನ್ನೋದನ್ನೇ ಕೂತು ಪರಿಶೀಲಿಸಿತು. ತಲೆಮಾರಿನ ಹೆಸರು ನೋಡಿ ಕೆಲಸಗಾರರನ್ನ ನಡೆಸಿಕೊಳ್ಳೋಕೆ ಸರಿಯಾದ ಆಧಾರ ಇಲ್ಲ ಅಂತ ಹೇಳಿತು. ಹೆಸರಿಟ್ಟ ಊರಿನವರೇ ಕೈಬಿಡುತ್ತಿರೋ ಮಾಲನ್ನ ನಾವು ಬೆಂಗಳೂರಿನಲ್ಲಿ ಹೊಸದಾಗಿ ಮಾರುತ್ತಿದ್ದೇವೆ.

ನನ್ನ ವಿದ್ಯಾರ್ಥಿಗಳಿಗೆ ನಾನು ನಮ್ಮೂರ ಲೆಕ್ಕವನ್ನೇ ಹೇಳೋದು. ಇಲ್ಲಿನ ವಾಣಿ ವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ. ನಡುವೆ ಹುಟ್ಟಿದ ಎಲ್ಲರೂ ‘ಕೋಡಿ ನೋಡದವರು’. ನಮ್ಮ ಅಪ್ಪ ಕಾಣದೇ ಹೋದರು. ಆ ಸೆಪ್ಟೆಂಬರ್‌ನಲ್ಲಿ ನೀರು ನೋಡೋಕೆ ಹೋದಾಗ ನನ್ನ ಪಕ್ಕದಲ್ಲಿ ಒಬ್ಬ ಮುದುಕಿ, ಅವಳ ಮೊಮ್ಮಗ. ಇಬ್ಬರಿಗೂ ಅದು ಮೊದಲ ಸಲ. ಮುದುಕಿ ಕೈ ಮುಗಿದಳು, ಹುಡುಗ ಸೆಲ್ಫಿ ತೆಗೆದ. ಆಮೇಲೆ ಅವನು ಕೈ ಮುಗಿದ, ಅವಳು ಸೆಲ್ಫಿಗೆ ನಿಂತಳು. ಈ ಇಬ್ಬರನ್ನ ಯಾವ ತಲೆಮಾರಿಗೆ ಸೇರಿಸೋದು?

ನಿಮ್ಮ ಅಂಗಡಿಗೆ ಪರಿಹಾರ ಏನು ಅಂತ ನಾನು ಹೇಳಲ್ಲ. ಮೇಷ್ಟ್ರುಗಳಿಗೆ ಅಂಗಡಿ ನಡೆಸೋಕೆ ಬರಲ್ಲ.

ಮತ್ತೆ: ಜೋಳದ ಅಂಗಡಿ, ದಾವಣಗೆರೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಆವಕ ಜಾಸ್ತಿ ಇತ್ತು.

ಮೊದಲು ದುಡ್ಡಿನ ಕಥೆ. ಸಿಕ್ಕಿತು. ಗುಮಾಸ್ತರು ಮಾರನೇ ದಿನ ಬೆಳಗ್ಗೆ ಯಾರಿಗೂ ಹೇಳದೆ ಬಸ್ ಹತ್ತಿ ಆನಗೋಡಿಗೆ ಹೋಗಿದ್ದರು. ಮಧ್ಯಾಹ್ನ ಆ ರೈತರನ್ನೇ ಜೊತೆಗೆ ಕರೆದುಕೊಂಡು ಬಂದರು. ಅವರಿಗೆ ಖಾತೆಗೆ ದುಡ್ಡು ಬಂದಿದ್ದೇ ಗೊತ್ತಿರಲಿಲ್ಲ, ಮೆಸೇಜ್ ಮಗನ ಫೋನಿಗೆ ಹೋಗುತ್ತಂತೆ. ಬ್ಯಾಂಕಿಗೆ ಹೋಗಿ ವಾಪಸ್ ಹಾಕಿಸಿ, ನಮ್ಮಲ್ಲಿ ಚಹಾ ಕುಡಿದು ಹೋದರು. ಹುಡುಗಿ ಇದನ್ನೆಲ್ಲ ನೋಡ್ತಾ ಕೂತಿದ್ದಳು.

ದುರ್ಗದ ತಮ್ಮಾ, ಬಸ್ ಬಗ್ಗೆ ಕೇಳಿದೆ. ಬಸ್ಸೂ ಇಲ್ಲ, ಏನೂ ಇಲ್ಲ. ಅವಳ ಮನೆ ಇರೋದು ವಿನೋಬನಗರದಲ್ಲಿ, ಸ್ಕೂಟಿಯಲ್ಲಿ ಹೋಗ್ತಾಳೆ. ‘ಮತ್ತೆ ಯಾಕೆ ಆರಕ್ಕೇ ಏಳ್ತೀಯ’ ಅಂದೆ. ‘ಒಂಬತ್ತರಿಂದ ಆರು ಅಂದಿದ್ದು ನೀವೇ ಅಲ್ವಾ ಅಕ್ಕ’ ಅಂದಳು. ಹೌದು, ನಾನೇ ಅಂದಿದ್ದು. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಬರ್ತಾಳೆ ಅನ್ನೋದನ್ನ ನಾವಿಬ್ಬರೂ ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗುಮಾಸ್ತರು ಬರೋದು ಹತ್ತಕ್ಕೆ, ಪೂಜೆ ಮುಗಿಸಿ. ಈಗ ಸೀಸನ್‌ನಲ್ಲಿ ಆರರ ಮೇಲೆ ಕೂತರೆ ಅವಳಿಗೆ ಬೇರೆ ದುಡ್ಡು ಅಂತ ಮಾತಾಡಿದ್ದೇನೆ. ಅಪ್ಪನಿಗೆ ಇದು ಹಿಡಿಸಿಲ್ಲ. ಇರಲಿ.

ನಿಟ್ಟುವಳ್ಳಿ ಅಣ್ಣಾರೇ, ನಿಮಗೆ ಒಂದು ಬೆಣ್ಣೆ ದೋಸೆ ಬಾಕಿ. ಅದು ಬೈಫೋಕಲ್ಲೇ. ನಾನು ಟೇಪ್ ಹಿಡಿದು ಅವರ ಕಣ್ಣಿಂದ ಪರದೆಗೆ ಅಳೆದೆ, 26 ಇಂಚು. ಅಳೆಯುವಾಗ ‘ನನಗೇನು ಶರ್ಟ್ ಹೊಲಿಸ್ತೀಯಾ’ ಅಂದರು. ಆ ಅಳತೆ ಚೀಟಿ ಹಿಡಿದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಕಂಪ್ಯೂಟರ್‌ಗೆ ಅಂತಲೇ ಬೇರೆ ಕನ್ನಡಕ ಆಯ್ತು. ಹೋಗೋ ದಾರಿಯಲ್ಲಿ, ಹುಡುಗಿ ಇಲ್ಲದ ಹೊತ್ತು ನೋಡಿ, ಆ ಮಾತೂ ಕೇಳಿದೆ. ‘ಮಾಮಾ, ಆ ದಿನ ನೀವು ಸುಮ್ನಿದ್ದದ್ದು ಅಪ್ಪನಿಗೆ ಗೊತ್ತಾದರೆ ಏನು ಅಂದುಕೊಳ್ಳುತ್ತಾರೆ?’ ಜಯದೇವ ಸರ್ಕಲ್ ದಾಟುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ, ‘ನಿಮ್ಮಪ್ಪನಿಗೆ ನಾನೇ ಹೇಳಿದ್ದೀನಿ. ಬೈದ್ರು’ ಅಂದರು. ನನಗೆ ಹೇಳಿದವರು ಯಾರೂ ಇಲ್ಲ. ಈ ಇಬ್ಬರು ಗಂಡಸರು ನನ್ನನ್ನ ಇನ್ನೂ ಜೋಳದ ರಾಶಿ ಮೇಲೆ ಜಾರೋ ಹುಡುಗಿ ಅಂದುಕೊಂಡಿದ್ದಾರೆ, ಅದು ಬೇರೆ ಜಗಳ.

ಹುಡುಗಿ ಒಂದು ಕೆಲಸ ಮಾಡಿದಳು, ನಾನು ಹೇಳಿದ್ದಲ್ಲ. ರೈತರ ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಗುರುತು’ ಅಂತ ಒಂದು ಹೊಸ ಕಾಲಂ ಮಾಡಿದಳು. ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ ಗುಮಾಸ್ತರು ಹೇಳ್ತಾ ಹೋಗೋದು, ಇವಳು ಟೈಪ್ ಮಾಡೋದು. ‘ಅಣಜಿ, ಕೆರೆ ಕಡೆ ಮನೆ, ಮೊಬೈಲ್ ಎತ್ತಲ್ಲ, ತಮ್ಮನಿಗೆ ಮಾಡು.’ ‘ಮಾಯಕೊಂಡ, ಇಬ್ಬರು ಹೆಂಡತಿಯರು, ದುಡ್ಡು ದೊಡ್ಡವಳ ಖಾತೆಗೆ.’ ‘ಜಗಳೂರು ಕಡೆ, ಜೋಳ ಒಣಗಿಸದೇ ತರ್ತಾನೆ, ತೇವಾಂಶ 14ಕ್ಕಿಂತ ಜಾಸ್ತಿ ಇದ್ದೇ ಇರುತ್ತೆ, ಮೀಟರ್ ಹಾಕದೆ ಒಪ್ಪಬೇಡ.’ ಈವರೆಗೆ ಇನ್ನೂರ ಹತ್ತು ಜನ ಆಗಿದ್ದಾರೆ. ಎರಡನೇ ಹೆಂಡತಿ ವಿಷಯ ಕಂಪ್ಯೂಟರ್‌ನಲ್ಲಿ ಬೇಡ ಅಂತ ನಾನು ಅಳಿಸಿಸಿದೆ.

ಇಬ್ಬರೂ ತುಂಬಾ ಒಂದಾಗಿಬಿಟ್ಟರು ಅಂತ ಅಂದುಕೊಳ್ಳಬೇಡಿ. ನಿನ್ನೆಯೂ ಫ್ಯಾನಿಗೆ ಜಗಳ ಆಯ್ತು. ಅವಳಿಗೆ ಸೆಕೆ, ಅವರಿಗೆ ಕಿರ್ದಿ ಹಾಳೆ ಹಾರುತ್ತೆ.

ಹೊಸ ಕನ್ನಡಕ ಬಂದ ದಿನದ ಒಂದು ವಿಷಯ ಹೇಳಿ ನಿಲ್ಲಿಸ್ತೀನಿ. ಗುಮಾಸ್ತರು ಅದನ್ನ ಹಾಕಿಕೊಂಡು ಪರದೆ ಮುಂದೆ ನೆಟ್ಟಗೆ ಕೂತರು. ಕುತ್ತಿಗೆ ಎತ್ತಲಿಲ್ಲ. ಹುಡುಗಿ ಆ ಹೊತ್ತಿಗೆ ಸಂಬಳದ ಲೆಡ್ಜರ್ ತೆರೆದಿದ್ದಳು. ಅವರು ಮೇಲಿಂದ ಒಂದೊಂದೇ ಹೆಸರು ಓದುತ್ತಾ ಬಂದರು. ಹಮಾಲರದು ಆಯ್ತು, ಕಸ ಗುಡಿಸುವವಳದು ಆಯ್ತು. ಆಮೇಲೆ ಒಂದು ಸಾಲಿನ ಹತ್ತಿರ ನಿಂತು ನನ್ನ ಕಡೆ ತಿರುಗಿದರು.

‘ಅವ್ವಾ, ಇದು ಯಾರದು? ಇಲ್ಲಿ ‘ಅಂಕಲ್ ಸಂಬಳ’ ಅಂತ ಇದೆ.’

ಹುಡುಗಿ ತಲೆ ಎತ್ತಲಿಲ್ಲ. ಎಂಟು ತಿಂಗಳಿಂದ ಹಾಗೇ ಇತ್ತಂತೆ. ಅವಳು ಅವರ ಹೆಸರು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಗುಮಾಸ್ತರೇ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡರು. ಒಂದು ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ, ಅಪ್ಪನ ಹೆಸರು ಸೇರಿಸಿ ತಮ್ಮ ಪೂರ್ತಿ ಹೆಸರು ಹೊಡೆದರು. ಹನ್ನೊಂದು ನಿಮಿಷ ಹಿಡಿಯಿತು. ಹೊರಗೆ ಎರಡು ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿದ್ದವು, ಕಾಯಿಸಿದೆ.